ಪಾಯಿಂಟ್ ನಾಲ್ಕನ್ನು ನಂಬಿದ ದಿನಗಳು

ಕಳೆದ ವಾರ ಒಂದು ಹಳೆಯ ಪ್ಯಾಂಟಿನ ಸೊಂಟ ಸಡಿಲ ಮಾಡಿಸಬೇಕಾಯಿತು. ಪ್ಯಾಂಟು ಕುಗ್ಗಿದೆ ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ಆರೇಳು ವರ್ಷ ಬೀರುವಿನಲ್ಲಿ ಮಡಿಸಿಟ್ಟ ಮಾತ್ರಕ್ಕೆ ಬಟ್ಟೆ ಕುಗ್ಗುವುದಿಲ್ಲ ಎಂಬುದು ನನಗೂ ಗೊತ್ತು, ನನಗಿಂತ ಚೆನ್ನಾಗಿ ನನ್ನ ಹೆಂಡತಿಗೆ ಗೊತ್ತು. ಬಿಟಿಎಂ ಲೇಔಟಿನಲ್ಲಿ ನನ್ನ ಆಫೀಸಿನ ಹಿಂದಿನ ರಸ್ತೆಯಲ್ಲಿ ವಿಜಯಪುರದ ಕಡೆಯವರೊಬ್ಬರು ಆಲ್ಟರೇಷನ್ ಅಂಗಡಿ ಇಟ್ಟಿದ್ದಾರೆ. ಅವರು ಬ್ಲೇಡಿನ ತುದಿಯಿಂದ ಹಿಂಬದಿಯ ಹೊಲಿಗೆ ಬಿಡಿಸಿ, ಒಳಗಿನ ಮಡಿಕೆಯನ್ನು ಹೆಬ್ಬೆರಳಿನಲ್ಲಿ ಸವರಿ ನೋಡಿದರು.

"ಇದನ್ನ ಯಾರ್ ಹೊಲದಾರ್ರಿ ಸರ್? ಎರಡ್ ಇಂಚ್ ಅರಿವಿ ಒಳಗ ಬಿಟ್ಟಾರ. ಈಗ ಯಾರೂ ಇಷ್ಟ್ ಬಿಡಂಗಿಲ್ರಿ."

ನಾನೂ ಬಗ್ಗಿ ನೋಡಿದೆ. ಹೊರಗೆ ಮಾಸಿಹೋಗಿದ್ದ ಬಟ್ಟೆ ಒಳಗೆ ಇನ್ನೂ ಕಡುನೀಲಿಯಾಗಿತ್ತು. ಅದರ ಮೇಲೆ ಸೀಮೆಸುಣ್ಣದ ಒಂದು ಗೆರೆ ಅಳಿಯದೆ ಉಳಿದಿತ್ತು. ನನ್ನ ಹೊಟ್ಟೆ ಮುಂದೊಂದು ದಿನ ಎಲ್ಲಿಯವರೆಗೆ ಬರಬಹುದು ಎಂದು ಅದನ್ನು ಹೊಲಿದವರು ಆಗಲೇ ಅಂದಾಜು ಮಾಡಿ, ನನಗೆ ಒಂದು ಮಾತೂ ಹೇಳದೆ, ಅಷ್ಟು ಜಾಗ ಬಿಟ್ಟಿಟ್ಟಿದ್ದರು... ನಮ್ಮ ಕಟ್ಟಡದ ಕೆಳಗಿದ್ದ ಟೈಲರು ಎಂದೆ. ಈಗ ಎಲ್ಲಿ ಅಂಗಡಿ ಇಟ್ಟಿದ್ದಾರೆ ಎಂದು ಅವರು ಕೇಳಿದರು. ಪ್ಯಾಂಟು ಯಾವಾಗ ಸಿಗುತ್ತದೆ ಎಂದು ನಾನು ಕೇಳಿದೆ.

ಜಯನಗರದಲ್ಲಿ ನಾವು ಬಾಡಿಗೆಗಿದ್ದ ಮೂರು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗೆ ಆ ಟೈಲರ ಅಂಗಡಿ ಇತ್ತು. ಅಂಗಡಿ ಎನ್ನುವುದು ಅವರ ಮಾತು. ಒಂದು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಹಲಗೆ, ಎರಡು ಸ್ಟೂಲು ಇಟ್ಟ ಮೇಲೆ ಅಲ್ಲಿ ಉಳಿಯುತ್ತಿದ್ದದ್ದು ಅಳತೆ ಕೊಡಲು ಒಬ್ಬ ಮನುಷ್ಯ ಕೈ ಚಾಚದೆ ನಿಲ್ಲುವಷ್ಟು ಜಾಗ. ತೋಳಿನ ಅಳತೆಗೆ ರಸ್ತೆಗೆ ಇಳಿಯಬೇಕಿತ್ತು. ದಿನಾ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ವಸಂತಪುರದಿಂದ ಬಸ್ಸಿನಲ್ಲಿ, ಊಟದ ಡಬ್ಬಿ ಹಿಡಿದು ಬರುತ್ತಿದ್ದರು. ಅವರು ಮಿಷನ್ನಿಗೆ ಕೂತರೆ ಅವರ ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಸೀರೆಗೆ ಫಾಲ್ಸ್ ಹಚ್ಚುತ್ತ, ರವಿಕೆಗೆ ಹುಕ್ಕು ಹಾಕುತ್ತ ಕೂರುತ್ತಿದ್ದರು. ಇಬ್ಬರೂ ಇಡೀ ದಿನ ಜಗಳದ ದನಿಯಲ್ಲಿ ಮಾತಾಡುತ್ತಿದ್ದರು. ಜಗಳವಾಡಿದ್ದನ್ನು ನಾನು ನೋಡಿಲ್ಲ.

ನನಗೆ ಆಗ ನಲವತ್ತೆಂಟು. ಕೆಲಸ ವಿಮಾ ಕಚೇರಿಯಲ್ಲಿ. ಜನರಿಗೆ ಏನೇನು ಅನಾಹುತ ಆಗಬಹುದು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ಸಂಬಳವಿಲ್ಲದ ಹೊತ್ತಿನಲ್ಲೂ ಅದನ್ನೇ ಮಾಡುತ್ತೇನೆ. ಬೆಳಗ್ಗೆ ಆಫೀಸಿಗೆ ಹೊರಟವನು ಮೂರನೇ ಮಹಡಿಯಿಂದ ಇಳಿದು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಹತ್ತಿ, ಮತ್ತೆ ಇಳಿದು, ಬೀಗ ಎಳೆದು ನೋಡಿದೆನೋ ಇಲ್ಲವೋ ಎಂದು ನಿಲ್ಲುತ್ತಿದ್ದೆ. ಟೈಲರು ಮಿಷನ್ನಿನಿಂದ ತಲೆ ಎತ್ತದೆ "ಏನ್ ಸ್ವಾಮಿ, ಇವತ್ತು ಯಾವ್ದು?" ಎಂದು ಕೇಳುತ್ತಿದ್ದರು. ಗ್ಯಾಸ್ ಎಂದರೆ, ವಾಸನೆ ಬಂದರೆ ಮೊದಲು ಕೆಳಗಿರೋ ನನಗೇ ಬರೋದು, ನೀವು ಧೈರ್ಯವಾಗಿ ಹೋಗಿ ಎನ್ನುತ್ತಿದ್ದರು. ಅದರಲ್ಲಿ ಧೈರ್ಯ ಪಡುವಂಥದ್ದು ಏನಿದೆ ಎಂದು ಬಸ್‌ಸ್ಟಾಪಿನವರೆಗೂ ಯೋಚಿಸುತ್ತಿದ್ದೆ.

ಅವರಿಗೆ ಅರವತ್ತೆಂಟರ ಸುಮಾರಿನಲ್ಲಿ ಕೂತಲ್ಲಿ ಕೂರಲಾಗದ ಹಾಗಾಯಿತು. ಅರ್ಧ ತೋಳು ಹೊಲಿಯುವಷ್ಟರಲ್ಲಿ ಎರಡು ಸಲ ಎದ್ದು ಹಿಂದಿನ ಬಚ್ಚಲಿಗೆ ಹೋಗಿಬರುತ್ತಿದ್ದರು. ಸೊಂಟ ನೋವು ಎಂದರು. ವಿಮಾ ಕಚೇರಿಯವನಿಗೆ ಆಸ್ಪತ್ರೆಗಳೆಲ್ಲ ಗೊತ್ತಿರುತ್ತವೆ ಎಂಬ ನಂಬಿಕೆಯಲ್ಲಿ ನನ್ನನ್ನು ಜೊತೆಗೆ ಕರೆದರು. ನನಗೆ ಗೊತ್ತಿದ್ದದ್ದು ಆಸ್ಪತ್ರೆಯ ಕಾಗದಗಳು ಮಾತ್ರ. ಆದರೂ ಹೋದೆ. ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ ಅನ್ನುವ ಅಂಕಿ ನಾಲ್ಕರ ಒಳಗೆ ಇರಬೇಕಾದಲ್ಲಿ ನಾನೂರ ಹನ್ನೆರಡು ಬಂದಿತ್ತು. ಆಮೇಲೆ ಬಯಾಪ್ಸಿ, ಮೂಳೆಗಳ ಸ್ಕ್ಯಾನು. ಪ್ರಾಸ್ಟೇಟ್ ಕ್ಯಾನ್ಸರು, ಸೊಂಟದ ಮೂಳೆಗೂ ಬೆನ್ನಿನ ಮೂಳೆಗೂ ಹರಡಿದೆ ಎಂದರು ಡಾಕ್ಟರಮ್ಮ. ಪೂರ್ತಿ ವಾಸಿ ಮಾಡಲಾಗದು, ಹತೋಟಿಯಲ್ಲಿ ಇಡಬಹುದು. ಕೆಲವರಲ್ಲಿ ಬಹಳ ದಿನ ಇಡಬಹುದು ಎಂದರು. ಈ ಕ್ಯಾನ್ಸರು ಗಂಡಸಿನ ಹಾರ್ಮೋನನ್ನು ಉಂಡು ಬೆಳೆಯುತ್ತದೆ, ಮೂರು ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ಆ ಊಟ ನಿಲ್ಲಿಸುತ್ತೇವೆ, ಜೊತೆಗೆ ದಿನಾ ಮಾತ್ರೆ ಎಂದು ವಿವರಿಸಿದರು.

ಟೈಲರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. ಮಿಷನ್ ತುಳೀಬಹುದಾ? ತುಳಿಯಬಹುದು, ಆಗುವಷ್ಟು ದಿನ ತುಳಿಯಿರಿ ಎಂದರು ಡಾಕ್ಟರಮ್ಮ. ಅಷ್ಟು ಸಾಕಾಯಿತು ಅವರಿಗೆ. ನನಗೆ ಸಾಕಾಗಲಿಲ್ಲ. ಜೇಬಿನಿಂದ ನೋಟ್‌ಬುಕ್ ತೆಗೆದೆ. ಆ ಅಂಕಿಯನ್ನು ಹೇಗೆ ಓದಬೇಕು ಎಂದು ಕೇಳಿದೆ. ಅವರು ತಾಳ್ಮೆಯಿಂದ ಹೇಳಿದರು, ನಾನು ನಂಬರ್ ಹಾಕಿ ಬರೆದುಕೊಂಡೆ. ಒಂದು ಸಲದ ಅಂಕಿ ನೋಡಿ ಕುಣಿಯಬೇಡಿ, ಅಳಬೇಡಿ. ಎಷ್ಟು ಕೆಳಗೆ ಇಳಿಯುತ್ತದೆ, ಅಲ್ಲೇ ಎಷ್ಟು ದಿನ ನಿಲ್ಲುತ್ತದೆ, ಎತ್ತ ಕಡೆ ಹೊರಟಿದೆ ಎಂದು ನೋಡಬೇಕು. ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ ಮಾಡಿಸಿ. ಅಂಕಿ ಬಿಟ್ಟೂಬಿಡದೆ ಏರತೊಡಗಿದರೆ ಹಾರ್ಮೋನನ್ನೂ ಪರೀಕ್ಷೆ ಮಾಡಬೇಕು. ಹಾರ್ಮೋನು ತಳದಲ್ಲೇ ಇದ್ದು ಇದೊಂದು ಏರುತ್ತಿದ್ದರೆ ರೋಗ ಉಪವಾಸದಲ್ಲಿ ಬದುಕುವುದನ್ನು ಕಲಿತಿದೆ ಎಂದರ್ಥ, ಆಗ ಔಷಧಿ ಬದಲಾಯಿಸೋಣ. ನಾಲ್ಕನೆಯದು, ಅಂಕಿ ಎಷ್ಟೇ ಚೆನ್ನಾಗಿರಲಿ, ಹೊಸದಾಗಿ ಬೆನ್ನು ನೋವು ಬಂದರೆ, ಕಾಲು ಸೋತರೆ ಅದೇ ದಿನ ಬನ್ನಿ.

ನಾಲ್ಕನ್ನೂ ಬರೆದುಕೊಂಡಿದ್ದೆ. ಮೊದಲ ಮೂರರ ಕೆಳಗೆ ಗೆರೆ ಎಳೆದಿದ್ದೆ. ನಾಲ್ಕನೆಯದು ಹಾಳೆಯ ಕೊನೆಗೆ ಬಂದಿತ್ತು...

ಟೈಲರ ಬಳಿ ಇದ್ದದ್ದು ಬಟನ್ ಫೋನು. ಲ್ಯಾಬಿನವರು ರಿಪೋರ್ಟನ್ನು ವಾಟ್ಸಾಪಿಗೆ ಕಳಿಸುತ್ತೇವೆ ಎಂದಾಗ ಅವರು ನನ್ನ ನಂಬರು ಕೊಟ್ಟರು. ಹಾಗಾಗಿ ಅವರ ಮೈಯೊಳಗಿನ ಸುದ್ದಿ ಅವರಿಗಿಂತ ಮೊದಲು ನನಗೆ ಬರುತ್ತಿತ್ತು. ಚಿಂತೆ ಮಾಡುವವನಿಗೆ ಇದಕ್ಕಿಂತ ದೊಡ್ಡ ಪದವಿ ಇನ್ನೊಂದಿಲ್ಲ. ರಕ್ತ ಕೊಟ್ಟ ದಿನ ನಾನು ಆಫೀಸಿನಲ್ಲಿ ಯಾವ ಕೆಲಸವನ್ನೂ ನೆಟ್ಟಗೆ ಮಾಡಿದವನಲ್ಲ. ಫೋನನ್ನು ಮಗುಚಿಡುವುದು, ಎತ್ತಿ ನೋಡುವುದು, ಸದ್ದು ಬಾರದಿದ್ದರೂ ಬಂದ ಹಾಗೆ ಅನ್ನಿಸುವುದು. ಪಕ್ಕದ ಟೇಬಲ್ಲಿನವರು ಮಗಳ ಎಸ್ಸೆಸ್ಸೆಲ್ಸಿ ರಿಸಲ್ಟಾ ಎಂದು ಕೇಳಿದ್ದರು.

ಅಂಕಿ ಇಳಿಯಿತು. ಮೂವತ್ತೆಂಟು, ಆಮೇಲೆ ನಾಲ್ಕು, ಆಮೇಲೆ ಒಂದಕ್ಕಿಂತ ಕೆಳಗೆ, ಕೊನೆಗೆ ಸೊನ್ನೆ ಪಾಯಿಂಟ್ ನಾಲ್ಕು. ಟೈಲರು ಗಿರಾಕಿಗಳ ಅಳತೆ ಪುಸ್ತಕದಲ್ಲಿ ತಮ್ಮದೂ ಒಂದು ಪುಟ ಮಾಡಿದ್ದರು. ಎಲ್ಲರ ಪುಟದಲ್ಲಿ ಎದೆ, ಸೊಂಟ, ತೋಳು ಇದ್ದರೆ ಇವರ ಪುಟದಲ್ಲಿ ಈ ಅಂಕಿಗಳು ಒಂದರ ಕೆಳಗೊಂದು. ಸೊಂಟ ಇಷ್ಟು ಬೇಗ ಇಳಿದ ಗಿರಾಕಿ ಬೇರೆ ಯಾರೂ ಇಲ್ಲ ಎಂದು ನನ್ನ ಹೊಟ್ಟೆ ನೋಡಿ ಹೇಳುತ್ತಿದ್ದರು.

ಇಂಜೆಕ್ಷನ್ನಿನ ತಾಪತ್ರಯಗಳೂ ಇದ್ದವು. ಸುಸ್ತು. ಡಿಸೆಂಬರಿನ ಚಳಿಯಲ್ಲೂ ಇದ್ದಕ್ಕಿದ್ದಂತೆ ಮೈಯೆಲ್ಲ ಕಾದು ಬೆವರಿ, ಫ್ಯಾನು ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಅವರ ಹೆಂಡತಿ ಹುಕ್ಕು ಹಾಕುತ್ತಲೇ ನನಗೆ ಹೇಳಿದರು: "ನಂಗೆ ಐವತ್ತರಲ್ಲಿ ಹಿಂಗಾಗ್ತಿದ್ದಾಗ ಏನಂದಿದ್ರು ಗೊತ್ತಾ ಸಾರ್? ಎಲ್ಲಾ ನಿನ್ ಮನಸ್ಸಿಂದು ಅಂದಿದ್ರು. ಈಗ ಮನಸ್ಸು ಅವ್ರಿಗೆ ಬಂದಿದೆ." ಟೈಲರು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ, ಅದೊಂದು ಮಾತನ್ನು ವಾಪಸ್ ತಗೊಂಡಿದ್ದೀನಿ ಅಂತ ಬರೆದುಕೊಡ್ಲಾ ಎಂದರು.

ವರ್ಷ ಕಳೆದಿರಬೇಕು. ಒಂದು ಸಲ ಅವರಿಗೆ ಮದುವೆ ಸೀಸನ್ನಿನ ಹೊಲಿಗೆ ಮೈಮೇಲೆ ಬಿದ್ದಿತ್ತು. ಲ್ಯಾಬಿಗೆ ಹೋಗಿ ಸಾಲಿನಲ್ಲಿ ಕೂರಲು ಪುರುಸೊತ್ತಿಲ್ಲ ಎಂದರು. ನಾನು ಬುದ್ಧಿವಂತಿಕೆ ತೋರಿಸಿ, ಮನೆಬಾಗಿಲಿಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಬೇರೆ ಲ್ಯಾಬಿನವರನ್ನು ಅಂಗಡಿಗೇ ಕರೆಸಿದೆ. ಸಂಜೆ ರಿಪೋರ್ಟು ಬಂತು. ಸೊನ್ನೆ ಪಾಯಿಂಟ್ ಆರು.

ಬೇರೆಯವರಿಗೆ ಅದು ಪಾಯಿಂಟ್ ಎರಡರ ವ್ಯತ್ಯಾಸ. ನಾನು ವಿಮಾ ಕಚೇರಿಯವನು, ನನಗದು ಒಂದೂವರೆ ಪಟ್ಟು. ಹೀಗೇ ಒಂದೂವರೆ ಪಟ್ಟು ಏರುತ್ತ ಹೋದರೆ ಮತ್ತೆ ನಾನೂರ ಹನ್ನೆರಡಕ್ಕೆ ಎಷ್ಟು ದಿನ ಎಂದು ಆಫೀಸಿನ ಕಂಪ್ಯೂಟರಿನಲ್ಲಿ ಗ್ರಾಫ್ ಮಾಡಿದೆ. ಎರಡು ದಿನ ಅಂಗಡಿಯ ಮುಂದೆ ಫೋನಿನಲ್ಲಿ ಮಾತಾಡುವವನ ಹಾಗೆ ನಟಿಸುತ್ತ ಹಾದುಹೋದೆ. ಪಾರ್ಕಿನಲ್ಲಿ ಐದು ಸುತ್ತಿನ ಬದಲು ಹನ್ನೊಂದು ಸುತ್ತು ಹಾಕಿದೆ. ಮೂರನೆಯ ದಿನ ನನ್ನ ಹೆಂಡತಿ, ಅದು ಅವರ ರಕ್ತ ಕಣ್ರೀ, ನಿಮ್ಮದಲ್ಲ, ಹೋಗಿ ಹೇಳಿ ಎಂದು ಗದರಿದಳು.

ಹೇಳಿದೆ. ಟೈಲರು ಗಾಬರಿಯಾಗಲಿಲ್ಲ. ಅದೇ ಲ್ಯಾಬಾ ಎಂದು ಕೇಳಿದರು. ಬೇರೆ ಎಂದೆ. ಅವರು ಕೊರಳಲ್ಲಿದ್ದ ಟೇಪನ್ನು ತೆಗೆದು, ಡ್ರಾಯರಿನಿಂದ ಇನ್ನೊಂದು ಹಳೆಯ ಟೇಪು ಹೊರಗೆಳೆದು, ಎರಡನ್ನೂ ಹಲಗೆಯ ಮೇಲೆ ಜೋಡಿಸಿ ಹಾಸಿದರು. ಮೂವತ್ತನೆಯ ಇಂಚಿನ ಹೊತ್ತಿಗೆ ಹಳೆಯದು ಅರ್ಧ ಇಂಚು ಮುಂದೆ ಹೋಗಿತ್ತು.

"ಎಳ್ದು ಎಳ್ದು ಉದ್ದ ಆಗಿರುತ್ತೆ ಸ್ವಾಮಿ. ತಪ್ಪು ಟೇಪ್ ಅಂತಲ್ಲ. ಎದೆ ಒಂದ್ರಲ್ಲಿ, ಸೊಂಟ ಇನ್ನೊಂದ್ರಲ್ಲಿ ಅಳದ್ರೆ ಅಂಗಿ ಯಾರ್ದೋ ಆಗತ್ತೆ. ಅದೇ ಟೇಪಲ್ಲಿ ಇನ್ನೊಂದ್ಸಲ ಅಳೀರಿ."

ನನ್ನ ನೋಟ್‌ಬುಕ್ಕಿನ ಎರಡನೇ ಸಾಲು. ಗೆರೆ ಎಳೆದು ಬರೆದುಕೊಂಡವನು ನಾನು, ನೆನಪಿಟ್ಟುಕೊಂಡವರು ಅವರು. ಹಳೆಯ ಲ್ಯಾಬಿನಲ್ಲಿ ಮತ್ತೆ ಮಾಡಿಸಿದೆವು. ಸೊನ್ನೆ ಪಾಯಿಂಟ್ ನಾಲ್ಕು. ಡಾಕ್ಟರಮ್ಮನೂ ನಕ್ಕು, ಒಂದು ಲ್ಯಾಬಿಗೂ ಇನ್ನೊಂದಕ್ಕೂ ಇಷ್ಟು ಹೆಚ್ಚುಕಮ್ಮಿ ಇದ್ದದ್ದೇ ಎಂದರು. ಆ ದಿನ ಅಂಗಡಿಯಲ್ಲಿ ನನಗೆ ಕಾಫಿ ಸಿಕ್ಕಿತು. ಎರಡು ದಿನ ಮುಖ ತಪ್ಪಿಸಿ ಓಡಾಡಿದ್ದಕ್ಕೆ ದಂಡ ಎಂದು ಬೋಂಡ ನಾನೇ ತರಿಸಬೇಕಾಯಿತು.

ಅಲ್ಲಿಂದ ನಾನು ಬದಲಾದೆ. ಬದಲಾಗಬಾರದಿತ್ತು. ಜೀವಮಾನದಲ್ಲಿ ಮೊದಲ ಸಲ, ಹೆದರಿದ್ದು ಸುಳ್ಳು ಎಂದು ಕಾಗದದಲ್ಲಿ ಅಚ್ಚಾಗಿ ಬಂದಿತ್ತು. ಆ ಪಾಯಿಂಟ್ ನಾಲ್ಕು ನನಗೆ ಮನೆದೇವರ ಹಾಗಾಯಿತು. ಪಾರ್ಕಿನ ಬೆಂಚಿನಲ್ಲಿ ಕೂರುವ ನಿವೃತ್ತರಿಗೆ ಪಿಎಸ್‌ಎ ಬಗ್ಗೆ ಪಾಠ ಹೇಳತೊಡಗಿದೆ. ಒಂದು ಅಂಕಿಗೆ ಹೆದರಬಾರದು ಸಾರ್, ಟ್ರೆಂಡ್ ನೋಡಬೇಕು ಎನ್ನುತ್ತಿದ್ದೆ. ಅವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಮಾತ್ರ ಇತ್ತು, ಆದರೂ ತಲೆಯಾಡಿಸಿ ಕೇಳುತ್ತಿದ್ದರು. ಬೆಳಗ್ಗೆ ಗ್ಯಾಸಿಗೆಂದು ವಾಪಸ್ ಹತ್ತುವುದನ್ನೂ ಬಿಟ್ಟೆ. ಟೈಲರು ಹೆಂಡತಿಗೆ, ನೋಡು, ನಮ್ಮ ಸ್ವಾಮಿಗೆ ವಾಸಿಯಾಗಿಬಿಡ್ತು ಎಂದಿದ್ದು ಮೆಟ್ಟಿಲಿಳಿಯುವಾಗ ನನ್ನ ಕಿವಿಗೂ ಬಿದ್ದಿತ್ತು.

ಮುಂದಿನ ಸಲ ಪಾಯಿಂಟ್ ಐದು ಬಂತು. ಅದೇ ಲ್ಯಾಬು. ಡಾಕ್ಟರಮ್ಮ ನೋಡಿ, ಸದ್ಯಕ್ಕೆ ಸರಿ, ಮೂರು ತಿಂಗಳಿಗೆ ಬನ್ನಿ ಎಂದರು. ನಾನು ಗ್ರಾಫ್ ಮಾಡಲಿಲ್ಲ. ಮಾಡದ್ದಕ್ಕೆ ಹೆಮ್ಮೆಪಟ್ಟೆ.

ಮೂರು ವಾರದ ಮೇಲೆ ಒಂದು ಸಂಜೆ ಆಫೀಸಿನಿಂದ ಬಂದಾಗ ಟೈಲರು ಮಿಷನ್ ಬಿಟ್ಟು ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬೆನ್ನು ಹಿಡಿದುಕೊಂಡಿದೆ, ಮಲಗಿದರೆ ಇನ್ನೂ ಜಾಸ್ತಿ ಎಂದರು. ಎಡಗಾಲು ಒಂಥರಾ ಹತ್ತಿ ಮೇಲೆ ಇಟ್ಟ ಹಾಗಿದೆ, ಪೆಡಲ್ ಎಲ್ಲಿದೆ ಅಂತ ಬಗ್ಗಿ ನೋಡಬೇಕು ಎಂದರು. ಅವರ ಹೆಂಡತಿ ಸೂಜಿಯನ್ನು ರವಿಕೆಗೆ ಚುಚ್ಚಿ ಪಕ್ಕಕ್ಕಿಟ್ಟಿದ್ದರು. ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಹೋಗೋಣ ಅಂತಿದ್ದೀನಿ, ಡೇಟಿಗೆ ಇನ್ನೂ ಎರಡು ತಿಂಗಳಿದೆ, ನೀವೇನಂತೀರಾ ಎಂದು ಆಕೆಯೇ ನನ್ನನ್ನು ಕೇಳಿದರು.

ನಾನು ಜೇಬಿಗೆ ಕೈ ಹಾಕಿದೆ. ಫೋನ್ ತೆಗೆದೆ. ರಿಪೋರ್ಟು ತೆರೆದು ಇಬ್ಬರಿಗೂ ತೋರಿಸಿದೆ.

"ಪಾಯಿಂಟ್ ಐದು ಅಕ್ಕ. ನಾನೂರರಲ್ಲಿ ಮಿಷನ್ ತುಳಿದೋರಿಗೆ ಪಾಯಿಂಟ್ ಐದರಲ್ಲಿ ಏನಾಗತ್ತೆ? ಐವತ್ತು ವರ್ಷ ಬಗ್ಗಿ ಹೊಲಿದ ಬೆನ್ನು, ನೋಯದೆ ಇನ್ನೇನ್ ಮಾಡತ್ತೆ? ಡೇಟಿಗೇ ಹೋಗಿ."

ಈ ಮಾತುಗಳಲ್ಲಿ ನಾನು ಇಲ್ಲಿ ಒಂದಕ್ಷರವನ್ನೂ ಬದಲಾಯಿಸಿಲ್ಲ. ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ ಎಂದರೆ ಬದಲಾಯಿಸಲು ಬರುವುದಿಲ್ಲ. ಅವರ ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಟೈಲರು ಕೈ ಎತ್ತಿ ತಡೆದು ನನ್ನ ಕಡೆ ತೋರಿಸಿದರು.

"ಇವ್ರೇ ಹೆದ್ರಕೊಂಡಿಲ್ಲ ಅಂದ್ಮೇಲೆ ಹೆದ್ರೋ ಅಂಥದ್ದೇನೂ ಇಲ್ಲ ಬಿಡು."

ಇಡೀ ಜಯನಗರದಲ್ಲಿ ಬೇರೆ ಯಾರು ಆ ಮಾತು ಹೇಳಿದ್ದರೂ ಅವರು ನಂಬುತ್ತಿರಲಿಲ್ಲವೇನೋ. ಧೈರ್ಯವಂತರ ಧೈರ್ಯಕ್ಕೆ ಬೆಲೆಯಿಲ್ಲ. ಗ್ಯಾಸಿಗೆ, ಬೀಗಕ್ಕೆ, ಪಾಯಿಂಟ್ ಎರಡಕ್ಕೆ ಹೆದರಿದವನು ಈಗ ಹೆದರುತ್ತಿಲ್ಲ ಎಂದರೆ ಅದಕ್ಕೊಂದು ತೂಕವಿತ್ತು. ಆ ತೂಕ ನನಗೆ ಗೊತ್ತಿರಲಿಲ್ಲ. ಮೇಲೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಹದಿನೆಂಟು ದಿನ. ಅಷ್ಟು ದಿನವೂ ನಾನು ಬೆಳಗ್ಗೆ ಇಳಿಯುವಾಗ ಕೇಳುತ್ತಿದ್ದೆ, ಅವರು ಪರವಾಗಿಲ್ಲ ಎನ್ನುತ್ತಿದ್ದರು. ಮುಲಾಮು ಹಚ್ಚಿಕೊಂಡಿದ್ದರು. ನಾನೇ ತಂದುಕೊಟ್ಟ ಮುಲಾಮು. ಹತ್ತೊಂಬತ್ತನೆಯ ದಿನ ಬಸ್ಸಿನಿಂದ ಇಳಿಯುವಾಗ ಎರಡೂ ಕಾಲು ನಿಲ್ಲಲಿಲ್ಲ. ಬಸ್‌ಸ್ಟಾಪಿನಲ್ಲಿದ್ದವರು ಎತ್ತಿ ಆಟೋದಲ್ಲಿ ಕೂರಿಸಿದರು. ನನಗೆ ಫೋನ್ ಬಂದಾಗ ಅವರು ಆಗಲೇ ಆಸ್ಪತ್ರೆಯಲ್ಲಿದ್ದರು.

ಬೆನ್ನಿನ ಮೂಳೆಯಲ್ಲಿ ಬೆಳೆದ ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿತ್ತು. ಅದೇ ದಿನ ರೇಡಿಯೇಷನ್ ಶುರು ಮಾಡಿದರು. ಹೊರಗೆ ಕಾರಿಡಾರಿನಲ್ಲಿ ನಾನು ಡಾಕ್ಟರಮ್ಮನಿಗೆ ಫೋನು ಚಾಚಿ, ಪಾಯಿಂಟ್ ಐದು ಇತ್ತಲ್ಲ ಮೇಡಂ ಎಂದೆ. ದೂರು ಕೊಡುವವನ ಹಾಗೆ ಕೇಳಿದೆ ಎಂದು ನೆನಪು. ಅವರಿಗೂ ಆ ದಿನ ದಣಿವಾಗಿತ್ತು. ಕೆಲವರಲ್ಲಿ ಅಂಕಿ ಕೆಳಗೇ ಇರುತ್ತದೆ, ರೋಗ ಮಾತ್ರ ಬೆಳೆಯುತ್ತದೆ, ಆ ಜೀವಕೋಶಗಳು ಪಿಎಸ್‌ಎ ಬಿಡುವುದನ್ನೇ ಕಮ್ಮಿ ಮಾಡಿರುತ್ತವೆ ಎಂದರು. ಅದಕ್ಕೇ ನೋವು ಬಂದರೆ ಬನ್ನಿ ಎಂದಿದ್ದು, ಕಾಲು ಸೋತ ದಿನವೇ ಬಂದಿದ್ದರೆ... ಎಂದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಆ ಸಾಲನ್ನು ಅವರು ಮುಗಿಸಿಬಿಟ್ಟಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ. ಅದೇ ದಿನ ಬನ್ನಿ.

ಬಲಗಾಲಿಗೆ ಸ್ವಲ್ಪ ಶಕ್ತಿ ಬಂತು. ಎಡಗಾಲಿಗೆ ಬರಲಿಲ್ಲ. ಕೋಲು ಹಿಡಿದು ಒಬ್ಬರ ಆಸರೆಯಲ್ಲಿ ಬಚ್ಚಲಿಗೆ ಹೋಗುವಷ್ಟು ಆಯಿತು. ಮಿಷನ್ ತುಳಿಯುವುದು ಮುಗಿಯಿತು. ಮೋಟರ್ ಹಾಕಿಸೋಣ ಎಂದು ನಾನು ಓಡಾಡಿದೆ. ಹಾಕಿಸಿಯೂ ಆಯಿತು. ಅವರು ಎರಡು ದಿನ ಪ್ರಯತ್ನಪಟ್ಟು, ಅದು ತನ್ನಷ್ಟಕ್ಕೆ ಓಡುತ್ತೆ, ನಾನು ಅದರ ಹಿಂದೆ ಓಡಬೇಕು, ಬೇಡ ಎಂದುಬಿಟ್ಟರು. ಅಂಗಡಿ ಮುಚ್ಚಿತು. ನಾನು ಭಾನುವಾರ ಭಾನುವಾರ ವಸಂತಪುರದ ಅವರ ಮನೆಗೆ ಹೋಗತೊಡಗಿದೆ.

ಮೊದಲ ಭಾನುವಾರವೇ ಹೇಳಿಬಿಡಬೇಕು ಎಂದುಕೊಂಡು ಹೋಗಿದ್ದೆ. ಅವರು ಒಳಗೆ ಮಲಗಿದ್ದರು. ಅವರ ಹೆಂಡತಿ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅಕ್ಕ, ಅವತ್ತು ಹೋಗಬೇಡಿ ಅಂದವನು ನಾನು ಎಂದು ಶುರು ಮಾಡಿದೆ. ಅವರು ತಲೆ ಎತ್ತಲಿಲ್ಲ.

"ನಂಗೆ ಗೊತ್ತಿತ್ತು ಸಾರ್. ಮಿಷನ್ ಸದ್ದೇ ಬೇರೆ ಆಗಿತ್ತು. ಒಂದ್ ವಾರದಿಂದ ಕೇಳಿಸ್ಕೊಳ್ತಿದ್ದೆ, ನಿಂತು ನಿಂತು ಹೋಗ್ತಿತ್ತು. ನೀವು ಫೋನ್ ತೋರಿಸಿದ್ರಿ, ನಾನು ಸುಮ್ನಾದೆ."

ಬೈದಿದ್ದರೆ ಎದ್ದು ಬರಬಹುದಿತ್ತು. ಅವರು ಬೈಯಲಿಲ್ಲ. ಎದ್ದು ಹೋಗಿ ಕಾಫಿ ತಂದುಕೊಟ್ಟರು.

ಮುಂದಿನ ಪರೀಕ್ಷೆಯ ದಿನ ನನಗೆ ನೆನಪಿತ್ತು. ಬೆಳಗ್ಗೆಯಿಂದ ಫೋನ್ ಮುಂದಿಟ್ಟುಕೊಂಡು ಕೂತಿದ್ದೆ. ಸಂಜೆಯಾಯಿತು, ಏನೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕು, ರಕ್ತ ಸಾಲದೆ ಬಂದಿರಬೇಕು, ರಿಪೋರ್ಟು ಅಷ್ಟು ಕೆಟ್ಟದಾಗಿ ಬಂದು ಡಾಕ್ಟರಿಗೇ ನೇರ ಕಳಿಸಿರಬೇಕು... ಲ್ಯಾಬಿಗೆ ಫೋನ್ ಮಾಡಿದೆ. ನಿನ್ನೆಯೇ ಕಳಿಸಿದ್ದೇವೆ ಸಾರ್, ಕೊಟ್ಟಿರೋ ನಂಬರಿಗೆ ಎಂದಳು ಆ ಹುಡುಗಿ. ಭಾನುವಾರ ಹೋದಾಗ ಅವರ ಹೆಂಡತಿಯ ಕೈಯಲ್ಲಿ ಹೊಸ ಟಚ್ ಫೋನಿತ್ತು. ನಾನು ಕೇಳುವ ಮೊದಲೇ ಹೇಳಿದರು, ನನ್ನ ಫೋನಿಗೇ ಬರಲಿ ಅಂತ ಹೇಳಿಬಂದೆ, ಪಾಪ ನಿಮಗ್ಯಾಕೆ ತೊಂದರೆ ಎಂದು. ದನಿಯಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಅಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ, ಯಾವ ಕೆಲಸದಿಂದಲೂ ತೆಗೆದುಹಾಕಿಲ್ಲ.

ಆಮೇಲೆ ಅಂಕಿಯೂ ಏರತೊಡಗಿತಂತೆ. ಹಾರ್ಮೋನು ತಳದಲ್ಲೇ ಇದ್ದರೂ ಏರಿತಂತೆ. ಬೇರೆ ಮಾತ್ರೆ ಕೊಟ್ಟರು, ಕೆಲವು ತಿಂಗಳು ತಡೆಯಿತು. ಎಲ್ಲವೂ ನನಗೆ ಈಗ ಅಂತೆಕಂತೆಯಲ್ಲಿ ಸಿಗುತ್ತಿತ್ತು. ಒಂದು ಭಾನುವಾರ ತಡೆಯಲಾರದೆ ಟೈಲರನ್ನೇ ಕೇಳಿದೆ, ಈ ಸಲ ಎಷ್ಟು ಬಂತು ಎಂದು. ಅವರು ಗೋಡೆಗೆ ಒರಗಿ, ಹೆಂಡತಿ ತಂದಿದ್ದ ಒಂದು ರವಿಕೆಗೆ ತಾವೇ ಹುಕ್ಕು ಹಾಕುತ್ತಿದ್ದರು. ಕೈಗೇನೂ ಆಗಿರಲಿಲ್ಲ.

"ನಂಬರ್ ಅವ್ಳ ಹತ್ರ ಇದೆ, ಅವ್ಳು ನೋಡ್ಕೋತಾಳೆ. ನೀವು ಬಂದಿದ್ದೀರಲ್ಲ, ಈ ಸೂಜಿಗೆ ದಾರ ಪೋಣಿಸಿಕೊಡಿ. ಕಣ್ಣು ಮಂಜು."

ನನ್ನ ಕಣ್ಣೂ ಮಂಜೇ. ಕನ್ನಡಕ ತೆಗೆದು, ಹಾಕಿ, ದಾರ ನಾಲಿಗೆಗೆ ತಾಗಿಸಿ, ಏಳೆಂಟು ಸಲ ತಪ್ಪಿ, ಕೊನೆಗೆ ಪೋಣಿಸಿದೆ. ಅಷ್ಟು ಹೊತ್ತೂ ಅವರು ನನ್ನ ಕೈ ನೋಡುತ್ತ ಸುಮ್ಮನೆ ಕಾದಿದ್ದರು.

ಬಸ್‌ಸ್ಟಾಪಿನಲ್ಲಿ ಬಿದ್ದ ಮೇಲೆ ಅವರು ಹನ್ನೊಂದು ತಿಂಗಳು ಇದ್ದರು. ಹೋಗಿ ಈಗ ಒಂದೂವರೆ ವರ್ಷ.

ಹೋದ ಶನಿವಾರ, ಪ್ಯಾಂಟಿನ ಹೊಲಿಗೆ ಬಿಚ್ಚಿಸಿದ ಎರಡು ದಿನಕ್ಕೆ, ಬನಶಂಕರಿ ಬಸ್ ನಿಲ್ದಾಣದಲ್ಲಿ ಅವರ ಹೆಂಡತಿ ಸಿಕ್ಕರು. ಕೈಯಲ್ಲಿ ಫಾಲ್ಸ್ ಹಚ್ಚಬೇಕಾದ ಸೀರೆಗಳ ದೊಡ್ಡ ಚೀಲವಿತ್ತು. ಈಗ ಮನೆಯಲ್ಲೇ ಮಾಡಿಕೊಡುತ್ತಾರಂತೆ. ನನ್ನ ಹೆಂಡತಿಯನ್ನು, ಮಗಳನ್ನು ವಿಚಾರಿಸಿದರು. ನಾನು ಒಂದೂವರೆ ವರ್ಷದಿಂದ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಮಾತುಗಳನ್ನು ತೆಗೆದೆ. ಅದರಲ್ಲಿ ಕ್ಷಮೆ ಇತ್ತು, ಕಾರಣಗಳಿದ್ದವು, ಡಾಕ್ಟರಮ್ಮ ಹೇಳಿದ್ದಿತ್ತು. ಅಕ್ಕ, ಅವತ್ತು ನಾನು... ಎನ್ನುವಷ್ಟರಲ್ಲಿ ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ನೀವು ಹಾಗೆ ಹೇಳ್ಬಾರ್ದಿತ್ತು. ಅವರು ಕೇಳ್ಬಾರ್ದಿತ್ತು. ನಾನು ಸುಮ್ನಿರ್ಬಾರ್ದಿತ್ತು. ಮೂರೂ ಜನದ್ದು ಸಾರ್. ಒಬ್ರು ಹೋದ್ರು, ನಾವಿಬ್ರು ಇದ್ದೀವಿ, ಅಷ್ಟೇ."

ಅವರ ಬಸ್ಸು ನಿಂತಿತ್ತು. ಚೀಲ ಹತ್ತಿಸಿಕೊಟ್ಟೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಅವರಿಗೆ, ಆದರೆ ಹೊರಗೆ ನೋಡಲಿಲ್ಲ. ಚೀಲವನ್ನು ಕಾಲಿನ ಬಳಿ ಸರಿಮಾಡಿಕೊಳ್ಳುತ್ತಿದ್ದರು.

ನನ್ನ ಬಸ್ಸು ಎರಡು ಬಂದು ಹೋದವು. ಹತ್ತಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಒಂದೇ ಮಾತನ್ನು ಜೀವನವಿಡೀ ಎಲ್ಲರಿಗೂ ಹೇಳಿಕೊಂಡು ಬಂದವನು ನಾನು. ಹೆಂಡತಿಗೆ ಕೆಮ್ಮು ಬಂದರೆ, ಮಗಳ ಕಾಲು ಉಳುಕಿದರೆ, ಆಫೀಸಿನವರು ಎರಡು ಸಲ ಸೀನಿದರೆ ಕೇಳದಿದ್ದರೂ ಹೇಳಿದ್ದೇನೆ. ಆ ಸಂಜೆ ಅಂಗಡಿಯಲ್ಲಿ ಅಕ್ಕ ಕೇಳಿದ್ದರು. ಹೋಗಿ ತೋರಿಸ್ಕೊಂಡು ಬನ್ನಿ ಅನ್ನುವ ಮೂರು ಮಾತು ಸಾಕಿತ್ತು.